ಎಫ್‌ಎಫ್‌ಎಂಪೆಗ್: ಮದುವೆ ಡಿವಿಡಿಯಿಂದ ಕನ್ನಡ ಸಬ್‌ಟೈಟಲ್‌ವರೆಗೆ, ದೀರ್ಘ ಬಳಕೆಯ ನಂತರದ ವಿಮರ್ಶೆ

ವಿಡಿಯೊ ಪರಿವರ್ತನೆಗೆಂದು ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಮೊದಲು ಎಫ್‌ಎಫ್‌ಎಂಪೆಗ್ ಕಲಿಯಿರಿ. 2000ದಲ್ಲಿ ಫ್ಯಾಬ್ರಿಸ್ ಬೆಲಾರ್ ಶುರು ಮಾಡಿದ ಈ ಮುಕ್ತ ತಂತ್ರಾಂಶ ಪೂರ್ತಿ ಉಚಿತ. ವಿಡಿಯೊ ನೋಡುವ ವಿಎಲ್‌ಸಿ, ಪರಿವರ್ತಿಸುವ ಹ್ಯಾಂಡ್‌ಬ್ರೇಕ್‌ಗಳ ಒಳಗೂ ಇದರ ಲೈಬ್ರರಿಗಳೇ ದುಡಿಯುತ್ತಿವೆ. ಒತ್ತಲು ಬಟನ್ ಇಲ್ಲ, ಎಲ್ಲವನ್ನೂ ಟೈಪ್ ಮಾಡಬೇಕು, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. ವರ್ಷಗಟ್ಟಲೆ ಬಳಸಿದ ಮೇಲೆ ಒಂದು ಮಾತು ಖಚಿತ: ಇದು ತಾನಾಗಿ ಕೈಕೊಡುವುದು ಅಪರೂಪ. ಫೈಲಿನೊಳಗೆ ಏನಿದೆ ಎಂದು ನೋಡದೆ ಕಮಾಂಡ್ ಹೊಡೆದಾಗಲೇ ಬಹುಪಾಲು ಕೆಲಸ ಕೆಡುತ್ತದೆ.

ಎಂಪಿ4, ಎಂಕೆವಿ, ಎವಿಐ ಎಲ್ಲ ಬರೀ ಡಬ್ಬಿಗಳು. ಒಳಗಿನ ಚಿತ್ರ, ಧ್ವನಿಗಳನ್ನು ಕುಗ್ಗಿಸಿಟ್ಟ ವಿಧಾನ ಬೇರೆ: ಚಿತ್ರ ಎಚ್.264 ಇರಬಹುದು, ಎಂಪೆಗ್-2 ಇರಬಹುದು. ಧ್ವನಿ ಎಎಸಿ ಇರಬಹುದು, ಎಸಿ3 ಇರಬಹುದು. ಜೊತೆಗೇ ಬರುವ ಎಫ್‌ಎಫ್‌ಪ್ರೋಬ್‌ಗೆ ಫೈಲಿನ ಹೆಸರು ಕೊಟ್ಟರೆ ಇದೆಲ್ಲ ಕಣ್ಣ ಮುಂದೆ ಬರುತ್ತದೆ. ಚಿತ್ರ ಎಚ್.264, ಧ್ವನಿ ಎಎಸಿ ಎಂದು ತೋರಿಸಿದರೆ ಎಂಕೆವಿಯನ್ನು ಎಂಪಿ4 ಮಾಡಲು ಮರು ಎನ್‌ಕೋಡ್ (ಬಿಚ್ಚಿ ಮತ್ತೆ ಕುಗ್ಗಿಸುವುದು) ಬೇಡವೇ ಬೇಡ. ‘-ಸಿ ಕಾಪಿ’ (-c copy) ಸಾಕು. ಗಂಟೆಗಟ್ಟಲೆ ಹಿಡಿಯುವ ಕೆಲಸ ಫೈಲ್ ನಕಲು ಮಾಡುವಷ್ಟೇ ಹೊತ್ತಿನಲ್ಲಿ ಮುಗಿಯುತ್ತದೆ, ಗುಣಮಟ್ಟ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ‘-ಮ್ಯಾಪ್ 0’ ಸೇರಿಸದಿದ್ದರೆ ಒಂದು ವಿಡಿಯೊ, ಒಂದು ಆಡಿಯೊ ಮಾತ್ರ ದಾಟಿ ಎರಡನೇ ಭಾಷೆಯ ಧ್ವನಿ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಎಸ್‌ಆರ್‌ಟಿ (ಸಾದಾ ಪಠ್ಯದ) ಸಬ್‌ಟೈಟಲ್ ಇದ್ದರೆ ಎಂಪಿ4 ಅದನ್ನು ಹಾಗೇ ಒಪ್ಪದು, ‘-ಸಿ:ಎಸ್ ಮೂವ್_ಟೆಕ್ಸ್ಟ್’ (-c:s mov_text) ಬೇಕು.

ಕಾಪಿ ವಿಧಾನದಲ್ಲಿ ತುಂಡು ಕತ್ತರಿಸಿದಾಗ ಮೊದಲ ಎರಡು-ಮೂರು ಸೆಕೆಂಡ್ ಚಿತ್ರ ನಿಂತುಬಿಡುವುದು, ಬೇಡದ ಭಾಗ ಸೇರಿಕೊಳ್ಳುವುದು ಸಾಮಾನ್ಯ ದೂರು. ಕಾರಣ ಕೀಫ್ರೇಮ್, ಅಂದರೆ ಬೇರೆ ಫ್ರೇಮುಗಳ ನೆರವಿಲ್ಲದೆ ತಾನೇ ಪೂರ್ಣವಾಗಿರುವ ಚಿತ್ರ. ಮರು ಎನ್‌ಕೋಡ್ ಮಾಡದೆ ಇದ್ದರೆ ಕೀಫ್ರೇಮ್ ಇರುವಲ್ಲಿಂದಲೇ ಚಿತ್ರ ಸರಿಯಾಗಿ ಶುರುವಾಗಲು ಸಾಧ್ಯ. ಕರಾರುವಾಕ್ಕಾಗಿ ಕತ್ತರಿಸಲೇಬೇಕಿದ್ದರೆ ಆ ತುಂಡನ್ನು ಎನ್‌ಕೋಡ್ ಮಾಡಿ. ಶುರುವಿನ ಸಮಯ ಹೇಳುವ ‘-ಎಸ್‌ಎಸ್’ ಅನ್ನು ಮೂಲ ಫೈಲ್ ಸೂಚಿಸುವ ‘-ಐ’ಗಿಂತ ಮೊದಲು ಬರೆದರೆ ಆ ಜಾಗಕ್ಕೆ ಬೇಗ ಹಾರುತ್ತದೆ, ಕತ್ತರಿಸುವ ಜಾಗವೂ ತಪ್ಪುವುದಿಲ್ಲ.

ಈ ತಂತ್ರಾಂಶದ ನಿಜವಾದ ಬೆಲೆ ಗೊತ್ತಾಗುವುದು ಹಳೆಯ ಮದುವೆ ಡಿವಿಡಿಗಳಲ್ಲಿ. ಗೀರು ಬಿದ್ದ ಡಿಸ್ಕಿನಿಂದ ನೇರವಾಗಿ ಪರಿವರ್ತಿಸಬೇಡಿ. ಮೊದಲು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಇದಕ್ಕೆ ಒಳ್ಳೆಯದು, ಓದಲಾಗದ ಜಾಗಕ್ಕೆ ಮತ್ತೆ ಮತ್ತೆ ಬಂದು ಪ್ರಯತ್ನಿಸುತ್ತದೆ. ಒಳಗೆ ಸುಮಾರು ಒಂದೊಂದು ಜಿಬಿಯ ವಿಒಬಿ (ಡಿವಿಡಿಯ ವಿಡಿಯೊ) ಫೈಲುಗಳು ಸಿಗುತ್ತವೆ. ಅವು ಒಂದೇ ವಿಡಿಯೊದ ಹೋಳುಗಳು. ಬೇರೆ ಬೇರೆಯಾಗಿ ಪರಿವರ್ತಿಸಿ ಆಮೇಲೆ ಅಂಟಿಸಿದರೆ ಜೋಡಣೆಯಲ್ಲಿ ಮಂತ್ರದ ಧ್ವನಿ ಮುಕ್ಕಾಗುತ್ತದೆ. ‘ಕಾನ್‌ಕ್ಯಾಟ್:’ ಎಂದು ಬರೆದು ಹೆಸರುಗಳ ನಡುವೆ ಲಂಬಗೆರೆ ಹಾಕಿ ಒಟ್ಟಿಗೇ ಕೊಡಿ. ಸಮಯದ ಗುರುತುಗಳ ಬಗ್ಗೆ ಎಚ್ಚರಿಕೆಗಳು ಸುರಿಯತೊಡಗಿದರೆ ‘-ಐ’ಗಿಂತ ಮೊದಲು ‘-ಎಫ್‌ಫ್ಲ್ಯಾಗ್ಸ್ +ಜೆನ್‌ಪಿಟಿಎಸ್’ (-fflags +genpts) ಸೇರಿಸಿ. ಧ್ವನಿಯೇ ಪತ್ತೆಯಾಗದಿದ್ದರೆ ‘-ಪ್ರೋಬ್‌ಸೈಜ್’ ಮತ್ತು ‘-ಅನಲೈಜ್‌ಡ್ಯುರೇಷನ್’ ಎರಡನ್ನೂ 100ಎಂಗೆ ಏರಿಸಿ. ಫೈಲಿನ ಆರಂಭದ ಸ್ವಲ್ಪ ಭಾಗವನ್ನಷ್ಟೇ ನೋಡಿ ತೀರ್ಮಾನಿಸುವುದು ಇದರ ಮೂಲ ಸ್ವಭಾವ.

ಆಮೇಲೆ ಇಂಟರ್‌ಲೇಸಿಂಗ್. ನಮ್ಮ ಕಡೆಯ ಡಿವಿಡಿಗಳು ಹೆಚ್ಚಾಗಿ ಪಾಲ್ ಎಂಬ ಟಿವಿ ಮಾನದಂಡದವು: 720×576, ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮಿನಲ್ಲಿ ಬೇರೆ ಬೇರೆ ಕ್ಷಣದ ಎರಡು ಅರ್ಧಚಿತ್ರಗಳು ಸಾಲುಬಿಟ್ಟು ಸಾಲು ಹೆಣೆದುಕೊಂಡಿರುತ್ತವೆ. ಕಂಪ್ಯೂಟರಿನಲ್ಲಿ ನೋಡುವಾಗ ಅಕ್ಷತೆ ಎರಚುವ ಕೈಗಳ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುವುದು ಇದರಿಂದಲೇ. ‘ಬಿಡಬ್ಲ್ಯುಡಿಐಎಫ್’ (bwdif) ಫಿಲ್ಟರ್ ಹಾಕಿದರೆ ಎರಡು ಅರ್ಧಗಳೂ ಪೂರ್ಣ ಫ್ರೇಮ್‌ಗಳಾಗಿ ಸೆಕೆಂಡಿಗೆ 50 ಬರುತ್ತವೆ, ಚಲನೆ ನುಣುಪಾಗುತ್ತದೆ. ಆರತಿ ತಟ್ಟೆ ಹಿಂದಕ್ಕೂ ಮುಂದಕ್ಕೂ ಜಗ್ಗಿದಂತೆ ಕಂಡರೆ ಅರ್ಧಚಿತ್ರಗಳ ಕ್ರಮವನ್ನು ಡಿಸ್ಕಿನಲ್ಲೇ ತಪ್ಪಾಗಿ ಬರೆದಿದ್ದಾರೆ ಎಂದರ್ಥ; ಆ ಫಿಲ್ಟರಿಗಿಂತ ಮುಂಚೆ ‘ಸೆಟ್‌ಫೀಲ್ಡ್=ಬಿಎಫ್‌ಎಫ್’ ಸೇರಿಸಿ ನೋಡಿ. ಅಳತೆ ಬದಲಿಸುವುದು ಯಾವತ್ತೂ ಇದಾದ ಮೇಲೆಯೇ. ಮೊದಲೇ ಬದಲಿಸಿದರೆ ಆ ಸಾಲುಗಳು ಕಲಸಿಹೋಗುತ್ತವೆ, ಮತ್ತೆ ಬೇರ್ಪಡಿಸಲಾಗುವುದಿಲ್ಲ. ಮುಖಗಳು ಸೊರಗಿದಂತೆಯೋ ಊದಿದಂತೆಯೋ ಆಗದಿರಲು 4:3 ಡಿಸ್ಕಿಗೆ 768×576, 16:9 ಡಿಸ್ಕಿಗೆ 1024×576 ಮಾಡಿ, ಕೊನೆಗೆ ‘ಸೆಟ್‌ಎಸ್‌ಎಆರ್=1’ ಬರೆಯಿರಿ. ಎನ್‌ಕೋಡರ್ ಲಿಬ್‌ಎಕ್ಸ್264, ಸಿಆರ್‌ಎಫ್ (ಗುಣಮಟ್ಟದ ಸಂಖ್ಯೆ) 18ರಿಂದ 20, ಪ್ರೀಸೆಟ್ (ವೇಗದ ಆಯ್ಕೆ) ಸ್ಲೋ. ಧ್ವನಿಗೆ ಎಎಸಿ 192ಕೆ. ಎಚ್‌ಡಿಗೆ ಹಿಗ್ಗಿಸಬೇಡಿ. ಇಲ್ಲದ ವಿವರ ಹುಟ್ಟುವುದಿಲ್ಲ, ಫೈಲ್ ಮಾತ್ರ ದಪ್ಪವಾಗುತ್ತದೆ.

ಸಿಆರ್‌ಎಫ್ ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು. ಆರು ಇಳಿಸಿದರೆ ಗಾತ್ರ ಹೆಚ್ಚುಕಡಿಮೆ ಇಮ್ಮಡಿ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಎನ್‌ವೆಂಕ್‌ಗೆ (NVENC) ಸಿಆರ್‌ಎಫ್ ಇಲ್ಲ, ‘-ಸಿಕ್ಯು’ ಬಳಸಬೇಕು. ಮಾಡಿದ ಫೈಲ್ ಫೋನಿನಲ್ಲೋ ಟಿವಿಯಲ್ಲೋ ಓಡದಿದ್ದರೆ ಮೊದಲ ಅನುಮಾನ ಬಣ್ಣದ ವಿನ್ಯಾಸದ ಮೇಲೆ: ‘-ಪಿಕ್ಸ್_ಎಫ್‌ಎಂಟಿ ವೈಯುವಿ420ಪಿ’ (-pix_fmt yuv420p) ಹಾಕಿ ನೋಡಿ. ಎತ್ತರ ಎರಡರಿಂದ ಭಾಗವಾಗುತ್ತಿಲ್ಲ ಎಂದು ತಕರಾರು ಬಂದರೆ ‘ಸ್ಕೇಲ್=1280:-2’ ಬರೆಯಿರಿ.

ನನ್ನ ದೊಡ್ಡ ಆಕ್ಷೇಪ ದೋಷ ಸಂದೇಶಗಳ ಬಗ್ಗೆ. ‘ಕನ್ವರ್ಷನ್ ಫೇಲ್ಡ್’ ಎಂಬ ಕೊನೆಯ ಸಾಲಿನಿಂದ ಏನೂ ತಿಳಿಯುವುದಿಲ್ಲ, ನಿಜವಾದ ಕಾರಣ ಏಳೆಂಟು ಸಾಲು ಮೇಲೆ ಹೂತಿರುತ್ತದೆ. ಸುಮ್ಮನೆ ಹರಿದುಹೋಗುವ ಎಚ್ಚರಿಕೆ ಯಾವುದು, ಕೆಲಸ ಕೆಡಿಸುವ ದೋಷ ಯಾವುದು ಎಂದು ಹೊಸಬರಿಗೆ ಗೊತ್ತಾಗುವುದೇ ಇಲ್ಲ. ‘-ರಿಪೋರ್ಟ್’ ಸೇರಿಸಿದರೆ ಪೂರ್ತಿ ದಾಖಲೆ ಫೈಲಾಗಿ ಉಳಿಯುತ್ತದೆ, ನಿಧಾನವಾಗಿ ಓದಬಹುದು. ‘ಮೂವ್ ಆ್ಯಟಮ್ ನಾಟ್ ಫೌಂಡ್’ (ಫೈಲಿನ ಸೂಚಿಯ ಭಾಗ ಸಿಗಲಿಲ್ಲ) ಎಂದಿದ್ದರೆ ರೆಕಾರ್ಡಿಂಗ್ ನಡುವೆಯೇ ಕ್ಯಾಮೆರಾ ಆಫ್ ಆಗಿರಬಹುದು, ಇಲ್ಲವೇ ಫೈಲ್ ಅರ್ಧಕ್ಕೇ ನಕಲಾಗಿರಬಹುದು. ಅರ್ಧ ನಕಲಾಗಿದ್ದರೆ ಮತ್ತೆ ನಕಲಿಸಿ. ಕ್ಯಾಮೆರಾ ಆಫ್ ಆಗಿದ್ದರೆ ಯಾವ ಆಯ್ಕೆ ಬದಲಿಸಿಯೂ ಫಲವಿಲ್ಲ. ಅದೇ ಕ್ಯಾಮೆರಾದ ಸರಿಯಾದ ಇನ್ನೊಂದು ಫೈಲನ್ನು ಮಾದರಿಯಾಗಿ ಕೊಟ್ಟು ಅನ್‌ಟ್ರಂಕ್ ಎಂಬ ದುರಸ್ತಿ ತಂತ್ರಾಂಶದಿಂದ ಪ್ರಯತ್ನಿಸಬೇಕು. ಪಟ್ಟಿಯಲ್ಲಿರುವ ಫೈಲುಗಳನ್ನು ಒಂದೊಂದಾಗಿ ಪರಿವರ್ತಿಸುವ ಬ್ಯಾಷ್ ಲೂಪಿನಲ್ಲಿ ಒಂದು ಫೈಲ್ ಮುಗಿದೊಡನೆ ಉಳಿದವು ಹಾರಿಹೋದರೆ ಎಫ್‌ಎಫ್‌ಎಂಪೆಗ್ ಆ ಪಟ್ಟಿಯ ಅಕ್ಷರಗಳನ್ನೇ ಕೀಲಿಮಣೆಯ ಆಜ್ಞೆ ಎಂದು ನುಂಗುತ್ತಿದೆ. ‘-ನೋಸ್ಟ್‌ಡಿನ್’ ಹಾಕಿದರೆ ಸರಿಹೋಗುತ್ತದೆ.

ಕನ್ನಡ ಸಬ್‌ಟೈಟಲನ್ನು ಚಿತ್ರದ ಮೇಲೇ ಅಚ್ಚೊತ್ತಲು ‘ಸಬ್‌ಟೈಟಲ್ಸ್’ ಫಿಲ್ಟರ್ ಬಳಸಿ. ಅದರೊಳಗಿನ ಸಬ್‌ಟೈಟಲ್ ಲೈಬ್ರರಿ ಲಿಬಾಸ್, ಅಕ್ಷರ ಜೋಡಿಸುವ ಲೈಬ್ರರಿ ಹಾರ್ಫ್‌ಬಜ್‌ನ ನೆರವಿನಿಂದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಹಾರ್ಫ್‌ಬಜ್ ಇಲ್ಲದ ಹಳೆಯ ಆವೃತ್ತಿಗಳ ‘ಡ್ರಾಟೆಕ್ಸ್ಟ್’ ಎಂಬ ಪಠ್ಯ ಬರೆಯುವ ಫಿಲ್ಟರಿನಲ್ಲಿ ‘ಲಗ್ನ’ ಎಂಬುದು ‘ಲಗ್‌ನ’ ಆಗಿ ಒಡೆದುಬೀಳುತ್ತದೆ. ವಿಂಡೋಸ್‌ನಲ್ಲಿ ಡ್ರೈವ್ ಹೆಸರಿನ ವಿವರಣ ಚಿಹ್ನೆ (:) ಫಿಲ್ಟರನ್ನು ಗೊಂದಲಕ್ಕೆ ಕೆಡವುತ್ತದೆ, ಹಾಗಾಗಿ ಎಸ್‌ಆರ್‌ಟಿ ಫೈಲ್ ಇರುವ ಫೋಲ್ಡರಿನೊಳಗಿಂದಲೇ ಕಮಾಂಡ್ ಕೊಡಿ. ಫೈಲ್ ಯುಟಿಎಫ್-8 ಆಗಿರಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಮೊದಲು ಯೂನಿಕೋಡಿಗೆ ತಿರುಗಿಸಿಕೊಳ್ಳಿ, ಇಲ್ಲವಾದರೆ ಇಂಗ್ಲಿಷ್ ಅಕ್ಷರಗಳ ಚೂರುಗಳು ಕಾಣುತ್ತವೆ. ‘ಫೋರ್ಸ್_ಸ್ಟೈಲ್’ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಎಂದು ಫಾಂಟಿನ ಹೆಸರು ಬರೆದು, ಗಾತ್ರ 18ರಿಂದ 20 ಕೊಡಿ. ಎಸ್‌ಆರ್‌ಟಿಗೆ ಈ ಗಾತ್ರವನ್ನು 288 ಎತ್ತರದ ಪರದೆಯ ಲೆಕ್ಕದಲ್ಲಿ ಅಳೆಯುವುದರಿಂದ ಫುಲ್ ಎಚ್‌ಡಿ ಎಂದು 60 ಬರೆದರೆ ಅರ್ಧ ಪರದೆ ಅಕ್ಷರಗಳೇ ತುಂಬುತ್ತವೆ. ಪೂರ್ತಿ ಓಡಿಸುವ ಮೊದಲು ‘ಸ್ವಾತಂತ್ರ್ಯ’ ಎಂಬ ಪದವಿರುವ ಒಂದು ಸಾಲನ್ನು ಆರಂಭದಲ್ಲೇ ಸೇರಿಸಿ ‘-ಟಿ 10’ ಹಾಕಿ ಹತ್ತು ಸೆಕೆಂಡ್ ಮಾತ್ರ ತೆಗೆಯಿರಿ. ತಕಾರದ ಕೆಳಗೆ ರವೊತ್ತು, ಯವೊತ್ತು ಎರಡೂ ಸರಿಯಾಗಿ ಕೂತಿದ್ದರೆ ಉಳಿದದ್ದನ್ನು ಧೈರ್ಯವಾಗಿ ಓಡಿಸಬಹುದು.