ರಿಕಂಬೆಂಟ್ ಸೈಕಲ್ಲು: ಹಲವು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಬೆನ್ನನ್ನು ಹಿಂದಕ್ಕೆ ಒರಗಿಸಿ, ಕಾಲುಗಳನ್ನು ಮುಂದಕ್ಕೆ ಚಾಚಿ ತುಳಿಯುವ ರಿಕಂಬೆಂಟ್ ಸೈಕಲ್ಲನ್ನು ನಾನು ಕೆಲಸಕ್ಕೆ ಹೋಗಿಬರಲೂ ರಜೆಯ ದಿನಗಳ ದೂರದ ಸವಾರಿಗೂ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನದು ಎರಡು ಚಕ್ರದ, ಪೆಡಲುಗಳು ಮುಂದಿನ ಚಕ್ರಕ್ಕಿಂತಲೂ ಮುಂದಿರುವ ಗಿಡ್ಡ ಮಾದರಿ. ಇಷ್ಟು ಆರಾಮದ ವಾಹನ ರಸ್ತೆಯಲ್ಲಿ ಅಪರೂಪಕ್ಕೂ ಕಾಣುವುದಿಲ್ಲವೇಕೆ ಎಂದು ಹಲವರು ಕೇಳುತ್ತಾರೆ. ಒಮ್ಮೆ ಓಟ ಹಿಡಿದರೆ ಇದಕ್ಕೆ ಸಾಟಿಯಿಲ್ಲ. ಆದರೆ ದಿನಬಳಕೆಯ ಸವಾರಿಯಲ್ಲಿ ಓಡಿಸುವುದರಷ್ಟೇ ನಿಲ್ಲಿಸುವುದು, ಹೊರಡುವುದು, ಎತ್ತುವುದು, ಇಡುವುದು ಕೂಡ ಇರುತ್ತದೆ ಎಂಬುದೇ ನನ್ನ ಉತ್ತರ.

ಸೀಟಿನ ನೋವು, ಮಣಿಕಟ್ಟಿನ ಜೋಮು, ಕುತ್ತಿಗೆಯ ಬಿಗಿತ ಇದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಮೈ ಗಾಳಿಗೆ ಕಡಿಮೆ ಒಡ್ಡಿಕೊಳ್ಳುವುದರಿಂದ ಸಮತಟ್ಟಾದ ರಸ್ತೆಯಲ್ಲಿ, ಅದರಲ್ಲೂ ಎದುರುಗಾಳಿಯಿದ್ದಾಗ, ಅದೇ ಶ್ರಮಕ್ಕೆ ಹೆಚ್ಚು ವೇಗ ಸಿಗುತ್ತದೆ. ಇದು ಹೊಸ ಸಂಗತಿಯೇನಲ್ಲ. 1914ರಲ್ಲಿ ಆಸ್ಕರ್ ಎಗ್ ಒಂದು ಗಂಟೆಯಲ್ಲಿ ಕ್ರಮಿಸಿದ್ದ 44.247 ಕಿ.ಮೀ. ದಾಖಲೆಯನ್ನು, ಅಗ್ರಪಂಕ್ತಿಯವನೇನೂ ಅಲ್ಲದ ಫ್ರಾನ್ಸಿಸ್ ಫೋರ್ 1933ರಲ್ಲಿ ಪ್ಯಾರಿಸ್ಸಿನಲ್ಲಿ ಇಂಥದೇ ಸೈಕಲ್ಲಿನ ಮೇಲೆ ಮುರಿದು 45.055 ಕಿ.ಮೀ. ಸಾಗಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಸ್ಪರ್ಧೆಯ ಸೈಕಲ್ಲಿನ ಆಕಾರವನ್ನು ನಿಗದಿಪಡಿಸಿ ಇದನ್ನು ಹೊರಗಿಟ್ಟಿತು. ರಿಕಂಬೆಂಟ್ ಅಭಿಮಾನಿಗಳು ಎಲ್ಲಕ್ಕೂ ಈ ನಿಷೇಧವನ್ನೇ ದೂರುತ್ತಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಮಡಚುವ ಸೈಕಲ್ಲೂ ಸರಕು ಹೊರುವ ಸೈಕಲ್ಲೂ ಸ್ಪರ್ಧೆಯ ಹಂಗಿಲ್ಲದೆಯೇ ಜನರ ಮನೆ ಸೇರಿಲ್ಲವೇ?

ನಿಜವಾದ ತೊಡಕು ಸಿಗ್ನಲ್ಲಿನಲ್ಲಿ ಗೊತ್ತಾಗುತ್ತದೆ. ನಿಲ್ಲುವ ಮೊದಲೇ ಹಗುರ ಗೇರಿಗೆ ಇಳಿದಿರಬೇಕು. ಒಂದು ಪಾದವನ್ನು ನೆಲಕ್ಕೆ ಊರಿ, ಇನ್ನೊಂದನ್ನು ಎತ್ತರದಲ್ಲಿರುವ ಪೆಡಲಿನ ಮೇಲಿಟ್ಟು, ಹಸಿರು ದೀಪ ಬಂದೊಡನೆ ಒಂದೇ ತುಳಿತದಲ್ಲಿ ಸಾಕಷ್ಟು ವೇಗ ಪಡೆದು, ಅಷ್ಟರೊಳಗೆ ನೆಲದ ಪಾದವನ್ನೂ ಮೇಲಕ್ಕೆ ತರಬೇಕು. ಸಾಮಾನ್ಯ ಸೈಕಲ್ಲಿನಲ್ಲಿ ಓಲಾಡಿದರೆ ಸೊಂಟ ಬಾಗಿಸಿ ಸಂಭಾಳಿಸಬಹುದು. ಇಲ್ಲಿ ಮೈ ಸೀಟಿಗೆ ಅಂಟಿಕೊಂಡಿರುವುದರಿಂದ ಹ್ಯಾಂಡಲ್ಲೊಂದೇ ಗತಿ. ಆ ಹೊತ್ತಿನಲ್ಲಿ ಕಡಿದಾಗಿ ತಿರುಗಿಸಿದರೆ ಹಿಮ್ಮಡಿ ಮುಂದಿನ ಚಕ್ರಕ್ಕೆ ತಾಗುತ್ತದೆ. ರೂಢಿಯಾದ ಮೇಲೆ ಇದೆಲ್ಲ ಕೈಗೂಡುತ್ತದೆ, ಆದರೆ ಏರಿನಲ್ಲಿ ನಿಂತು ಹೊರಡುವಾಗ ನನಗೆ ಈಗಲೂ ಎದೆ ಡವಗುಟ್ಟುತ್ತದೆ. ಏರು ಹತ್ತುವಾಗ ಎದ್ದು ನಿಂತು ಮೈಭಾರ ಹಾಕುವಂತಿಲ್ಲ. ಸಣ್ಣ ಗೇರಿನಲ್ಲಿ ಬೇಗಬೇಗ ತುಳಿಯುತ್ತಾ, ತಾಳ್ಮೆಯಿಂದ ಹಿಂದೆ ಉಳಿಯಬೇಕು.

ತಗ್ಗಿನಲ್ಲಿ ಕುಳಿತವರು ವಾಹನ ಚಾಲಕರಿಗೆ ಕಾಣುವುದಿಲ್ಲ ಎಂಬ ಆಕ್ಷೇಪವನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ವಿಚಿತ್ರವಾಗಿ ಕಾಣುವುದನ್ನು ಜನ ಬೇಡವೆಂದರೂ ನೋಡುತ್ತಾರೆ. ಕಷ್ಟವಿರುವುದು ನನಗೆ ಕಾಣುವುದರಲ್ಲಿ. ಪಾದಗಳು ಕಣ್ಣಿಗಿಂತ ಎಷ್ಟೋ ಮುಂದಿರುವುದರಿಂದ, ಗೋಡೆ ಮರೆಯಾದ ಕೂಡುರಸ್ತೆಯಲ್ಲಿ ಅಡ್ಡ ಬರುವ ವಾಹನ ಕಾಣಬೇಕಾದರೆ ಕಾಲುಗಳನ್ನು ಮೊದಲು ರಸ್ತೆಗೆ ಒಡ್ಡಬೇಕಾಗುತ್ತದೆ. ಹಿಂದಿರುಗಿ ನೋಡುವುದೂ ಸುಲಭವಲ್ಲ. ಕನ್ನಡಿ ಬೇಕೇ ಬೇಕು.

ಇನ್ನು ಮನೆಯೊಳಗಿನ ಸಂಗತಿ. ಹೆಗಲಿಗೇರಿಸಲು ಸರಿಯಾದ ಹಿಡಿತವಿಲ್ಲದ, ಉದ್ದನೆಯ ಈ ವಾಹನವನ್ನು ಮೆಟ್ಟಿಲು ಹತ್ತಿಸುವುದೂ ಚಿಕ್ಕ ಲಿಫ್ಟಿನಲ್ಲಿ ತೂರಿಸುವುದೂ ದಿನನಿತ್ಯದ ಸರ್ಕಸ್ಸು. ಚೈನು ಸಾಮಾನ್ಯ ಸೈಕಲ್ಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉದ್ದವಿದ್ದು, ಸೀಟಿನ ಕೆಳಗಿನ ರಾಟೆಯ ಮೇಲೆ ಹಾದುಹೋಗುತ್ತದೆ. ರಾಟೆ ಸವೆದಾಗ ಬರುವ ಗರಗರ ಸದ್ದು ಕಿವಿಗೆ ಹಿತವಲ್ಲ. ಟೈರಿನ ಚಿಂತೆಯಿಲ್ಲ, ನನ್ನ 20 ಇಂಚಿನ ಮುಂಚಕ್ರದ ಅಳತೆಯನ್ನೇ ಅನೇಕ ಮಡಚುವ ಸೈಕಲ್ಲುಗಳೂ ಬಳಸುತ್ತವೆ.

ಯಾರೂ ಅಷ್ಟಾಗಿ ಹೇಳದ ಒಂದು ಕಾರಣವೂ ಇದೆ: ಇದನ್ನು ಇನ್ನೊಬ್ಬರಿಗೆ ಕೊಡುವುದು ಕಷ್ಟ. ಸಾಮಾನ್ಯ ಸೈಕಲ್ಲಿನ ಸೀಟನ್ನು ನಿಮಿಷದಲ್ಲಿ ಏರಿಸಿ ಇಳಿಸಬಹುದು. ನನ್ನದರಲ್ಲಿ ಕಾಲಿನ ಉದ್ದಕ್ಕೆ ತಕ್ಕಂತೆ ಪೆಡಲಿರುವ ಮುಂದಿನ ಕೊಳವೆಯನ್ನೇ ಸರಿಸಬೇಕು; ಹೆಚ್ಚು ಸರಿಸಿದರೆ ಚೈನಿನ ಕೊಂಡಿಗಳನ್ನೂ ಸೇರಿಸಬೇಕು ಇಲ್ಲವೇ ತೆಗೆಯಬೇಕು. ಹೀಗಾಗಿ ಆಸೆಪಟ್ಟವರೂ ಒಂದು ಸುತ್ತು ಹೊಡೆದು ನೋಡಲಾಗದೆ ಹಿಂದೆ ಸರಿಯುತ್ತಾರೆ. ಕೊಳ್ಳುವವರು ಕಡಿಮೆಯಾದ್ದರಿಂದ ತಯಾರಿಕೆಯೂ ಕಡಿಮೆ, ಬೆಲೆ ಮಾತ್ರ ಹೆಚ್ಚು.

ದೂರದ, ತಡೆಯಿಲ್ಲದ ದಾರಿಯುಳ್ಳವರಿಗೂ ಬೆನ್ನು ಅಥವಾ ಮಣಿಕಟ್ಟಿನ ನೋವಿನಿಂದ ಸೈಕಲ್ ಬಿಟ್ಟವರಿಗೂ ನಾನಿದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಕೊಳ್ಳುವ ಮುನ್ನ ಸಮತಟ್ಟಾದ ರಸ್ತೆಯಲ್ಲಷ್ಟೇ ಓಡಿಸಿ ನೋಡಬೇಡಿ. ಒಂದು ಏರಿನ ನಡುವೆ ನಿಲ್ಲಿಸಿ ಹೊರಡಿ, ಬಳಿಕ ನಿಮ್ಮ ಮನೆಬಾಗಿಲಿನವರೆಗೆ ಎತ್ತಿಕೊಂಡು ಹೋಗಿ ನೋಡಿ. ಹತ್ತಿರದ ಅಂಗಡಿಗೆ ಹೋಗುವಾಗ ನಾನು ಈಗಲೂ ಹಳೆಯ ಸೈಕಲ್ಲನ್ನೇ ಹೊರತೆಗೆಯುತ್ತೇನೆ.