ಒಂದೇ ಪಾತ್ರೆಯ ಕೀಮಾ ಪಾಸ್ತಾ ಮತ್ತು ಎನಾಮಲ್ ಲೇಪದ ಎರಕದ ಕಬ್ಬಿಣದ ಪಾತ್ರೆ

ಪಾಸ್ತಾವನ್ನು ಬೇರೆ ನೀರಿನಲ್ಲಿ ಬೇಯಿಸಿ ಬಸಿಯದೆ, ಕೀಮಾ ಸಾಸಿನಲ್ಲೇ ಬೇಯಿಸಿ ಇಳಿಸುವ ಅಡುಗೆ ಸುಲಭವೆಂದು ಹೆಸರಾಗಿದೆ. ಆದರೆ ಹುರಿಯುವುದು, ಕುದಿಸುವುದು, ಇಂಗಿಸುವುದು ಎಲ್ಲವೂ ಒಂದೇ ತಳದ ಮೇಲೆ ನಡೆಯಬೇಕಾದುದರಿಂದ, ಅದರ ರುಚಿಯ ಬಹುಪಾಲನ್ನು ಪಾತ್ರೆಯೇ ನಿರ್ಧರಿಸುತ್ತದೆ. ನಾನು ಬಳಸುತ್ತಿರುವುದು ಸುಮಾರು 5 ಲೀಟರ್ ಹಿಡಿಯುವ, ಒಳಗೂ ಹೊರಗೂ ಎನಾಮಲ್ ಎಂಬ ಗಾಜಿನಂಥ ಲೇಪವಿರುವ, ಭಾರವಾದ ಮುಚ್ಚಳದ ಎರಕದ ಕಬ್ಬಿಣದ ಪಾತ್ರೆ. ಈ ಅಡುಗೆಯ ಮಟ್ಟಿಗೆ ಇದಕ್ಕಿಂತ ನಂಬಿಕೆಗೆ ಅರ್ಹವಾದ ಪಾತ್ರೆಯನ್ನು ನಾನು ಕಂಡಿಲ್ಲ.

ಇದರ ಹೆಚ್ಚುಗಾರಿಕೆ ಮಾಂಸ ಹುರಿಯುವಾಗಲೇ ಗೊತ್ತಾಗುತ್ತದೆ. ತೆಳು ತಳದ ಪಾತ್ರೆಗೆ 500 ಗ್ರಾಂ ಕೀಮಾವನ್ನು ಒಮ್ಮೆಲೇ ಹಾಕಿದರೆ ಬಿಸಿ ತಟ್ಟನೆ ಇಳಿದು, ಮಾಂಸ ನೀರು ಬಿಟ್ಟುಕೊಂಡು, ಹುರಿಯುವ ಬದಲು ತನ್ನ ನೀರಿನಲ್ಲೇ ಬೇಯತೊಡಗುತ್ತದೆ. ಕಂದು ಬಣ್ಣವನ್ನೂ ಘಮವನ್ನೂ ಕೊಡುವ ಮೈಲಾರ್ಡ್ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಸುತ್ತ ನೀರು ನಿಂತಿರುವವರೆಗೆ ಮಾಂಸದ ಮೈ 100 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಎರಕದ ಕಬ್ಬಿಣ ನಿಧಾನವಾಗಿ ಕಾಯುತ್ತದೆ, ಆದರೆ ಕಾದ ಮೇಲೆ ಸುಲಭಕ್ಕೆ ತಣಿಯುವುದಿಲ್ಲ. ಎಣ್ಣೆ ಹಾಕಿ ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ, ಕೀಮಾವನ್ನು ತಳದ ತುಂಬ ಹರಡಿ, ಸೌಟು ಆಡಿಸದೆ ಬಿಟ್ಟರೆ, ಮೊದಲು ಕೇಳಿಸುವ ಮಂದ ಸದ್ದು ನೀರು ಇಂಗಿದಂತೆಲ್ಲ ಚಟಪಟವಾಗುತ್ತದೆ, ಅಂಚುಗಳು ಕಂದುಗಟ್ಟುತ್ತವೆ, ತಳದಲ್ಲಿ ಕಂದು ಪದರವೊಂದು ಕಚ್ಚಿಕೊಳ್ಳುತ್ತದೆ. ಸಾಸಿನ ಸಾರವೆಲ್ಲ ಆ ಪದರದಲ್ಲಿದೆ. ಈರುಳ್ಳಿ, ಬೆಳ್ಳುಳ್ಳಿ ಬಾಡಿದ ಮೇಲೆ ಸ್ವಲ್ಪ ನೀರು ಹಾಕಿ ಮರದ ಸೌಟಿನಿಂದ ಕೆರೆದರೆ ಅದು ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಎನಾಮಲ್ ಮೇಲೆ ಗೆರೆ ಬೀಳಬಾರದೆಂದಿದ್ದರೆ ಲೋಹದ ಸೌಟನ್ನು ದೂರವಿಡಬೇಕು.

ಟೊಮೆಟೊದ ಹುಳಿಗೆ ಲೇಪವಿಲ್ಲದ ಕಬ್ಬಿಣವಾಗಲಿ ಅಲ್ಯೂಮಿನಿಯಮ್ ಆಗಲಿ ಒಗ್ಗುವುದಿಲ್ಲ, ಹೆಚ್ಚು ಹೊತ್ತು ಕುದಿಸಿದರೆ ಸಾಸಿಗೆ ಲೋಹದ ರುಚಿ ಹತ್ತುತ್ತದೆ. ಎನಾಮಲ್‌ಗೆ ಆ ದೋಷವಿಲ್ಲ. 350 ಗ್ರಾಂ ಪಾಸ್ತಾಕ್ಕೆ 800 ಗ್ರಾಂ ಟೊಮೆಟೊ ಮತ್ತು ಮುಕ್ಕಾಲು ಲೀಟರ್ ನೀರು ಅಥವಾ ಸ್ಟಾಕ್ (ಮೂಳೆ ಇಲ್ಲವೇ ತರಕಾರಿ ಬೇಯಿಸಿ ಸೋಸಿದ ರಸ) ಹಿಡಿಸುತ್ತದೆ. ಬಸಿಯುವ ನೀರಿನೊಂದಿಗೆ ಹೊರಟುಹೋಗುತ್ತಿದ್ದ ಪಿಷ್ಟ ಇಲ್ಲಿ ಪಾತ್ರೆಯಲ್ಲೇ ಉಳಿದು ಸಾಸನ್ನು ಮಂದವಾಗಿಸುತ್ತದೆ. ಉಪ್ಪೂ ಹೀಗೆಯೇ ಒಳಗೇ ಉಳಿಯುವುದರಿಂದ ಮೊದಲಿಗೆ ಕಡಿಮೆ ಹಾಕಿ ಕೊನೆಯಲ್ಲಿ ರುಚಿ ನೋಡಿ ಸರಿಪಡಿಸುವುದು ಒಳ್ಳೆಯದು. ಪೆನ್ನೆ, ಫುಸಿಲ್ಲಿಯಂಥ ಗಿಡ್ಡ ಪಾಸ್ತಾ ಇದಕ್ಕೆ ಹೊಂದುತ್ತದೆ. ಸ್ಪಗೆಟ್ಟಿ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ತಳ ಎಷ್ಟೇ ದಪ್ಪವಿದ್ದರೂ ಪಾಸ್ತಾ ಹಾಕಿದ ಮೊದಲ ಕೆಲವು ನಿಮಿಷ ಪದೇ ಪದೇ ಕೈಯಾಡಿಸಲೇಬೇಕು, ಏಕೆಂದರೆ ಅದರ ಮೈಯ ಪಿಷ್ಟ ಅಂಟಂಟಾಗಿರುವುದು ಆಗಲೇ.

ಹುರಿಯುವಾಗ ಕೈಹಿಡಿದ ಗುಣವೇ ಇಳಿಸುವಾಗ ತೊಡಕೂ ಆಗುತ್ತದೆ. ಒಲೆ ಆರಿಸಿದರೂ ಪಾತ್ರೆಯ ಒಳಗೆ ಬೇಯುವುದು ನಿಲ್ಲುವುದಿಲ್ಲ. ಪಾಸ್ತಾ ಹದಕ್ಕೆ ಬಂತೆಂದು ಆರಿಸಿ ಮುಚ್ಚಿಟ್ಟರೆ ಊಟಕ್ಕೆ ಕೂರುವಷ್ಟರಲ್ಲಿ ಅದು ಮೆತ್ತಗಾಗಿರುತ್ತದೆ. ಕಚ್ಚಿದಾಗ ನಡುವೆ ಇನ್ನೂ ತುಸು ಗಟ್ಟಿಯಿದೆ, ಸಾಸು ಸ್ವಲ್ಪ ನೀರಾಗಿದೆ ಎನ್ನಿಸುವಾಗಲೇ ಉರಿ ಆರಿಸಿ, ಐದು ನಿಮಿಷ ಮುಚ್ಚಿಟ್ಟು ಬಡಿಸಬೇಕು. ಉಳಿದದ್ದನ್ನು ಅದೇ ಪಾತ್ರೆಯಲ್ಲಿ ಬಿಡದೆ ಅಗಲವಾದ ಡಬ್ಬಿಗೆ ತೆಗೆದು, 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು.

ನಿಜವಾದ ಕೊರತೆ ತೂಕ. ತುಂಬಿದ ಪಾತ್ರೆಯನ್ನು ಒಲೆಯಿಂದ ಮೇಜಿಗೆ ಒಯ್ಯಲು ಎರಡೂ ಕೈಗಳ ಬಲ ಬೇಕು, ಮಣಿಕಟ್ಟು ನೋವಿರುವವರಿಗೆ ನಾನು ಇದನ್ನು ಸೂಚಿಸಲಾರೆ. ಅವರಿಗೆ ಮೂರು ಪದರದ ತಳವಿರುವ ದಪ್ಪ ಸ್ಟೀಲ್ ಪಾತ್ರೆ ವಾಸಿ, ಕೀಮಾವನ್ನು ಎರಡು ಸಲವಾಗಿ ಹುರಿದುಕೊಂಡರಾಯಿತು. ಒಳಗಿನ ತಿಳಿ ಬಣ್ಣದ ಲೇಪಕ್ಕೆ ಟೊಮೆಟೊ ಕಲೆ ಹತ್ತುತ್ತದೆ, ಅಡುಗೆ ಸೋಡಾ ಬೆರೆಸಿದ ಬಿಸಿ ನೀರಿನಲ್ಲಿ ನೆನೆಸಿದರೆ ಬಹುಮಟ್ಟಿಗೆ ಹೋಗುತ್ತದೆ. ಆದರೆ ಬಿಸಿ ಪಾತ್ರೆಗೆ ತಣ್ಣೀರು ಸುರಿಯಬಾರದು, ಲೇಪ ಬಿರುಕು ಬಿಡುತ್ತದೆ. ನಾಲ್ಕೈದು ಜನರ ಮನೆಗೆ 5 ಲೀಟರ್ ಅಳತೆ ಸರಿ. ಇಬ್ಬರಿಗಷ್ಟೇ ಮಾಡುವವರು 3 ಲೀಟರಿನದನ್ನೇ ಕೊಳ್ಳಲಿ. ಅಗಲ ತಳದಲ್ಲಿ ಸ್ವಲ್ಪವೇ ಸಾಸು ಇದ್ದರೆ ಪಾಸ್ತಾ ಮುಳುಗುವುದಿಲ್ಲ, ಬೇಯುವ ಮೊದಲೇ ನೀರು ಇಂಗಿಹೋಗುತ್ತದೆ.