ಪುಣೆಯ ತೆರೆಯ ಮೇಲೆ ‘ಘಟಶ್ರಾದ್ಧ’ದ ಹೊಸ ಪ್ರತಿ

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ನಾನು ಈ ಮೊದಲು ಮೂರು ಬಾರಿ ನೋಡಿದ್ದೆ. ಮೂರು ಸಲವೂ ಸವೆದ ಪ್ರತಿಗಳೇ. ಎರಡು ಸಲವಂತೂ ಮೊಬೈಲಿನಲ್ಲಿ, ಕತ್ತಲೆಯ ದೃಶ್ಯಗಳಲ್ಲಿ ಯಾರು ಎಲ್ಲಿ ನಿಂತಿದ್ದಾರೆಂಬುದನ್ನು ಮಾತಿನಿಂದಲೇ ಊಹಿಸುತ್ತ ನೋಡಿದ್ದು. ಹಾಗಾಗಿ ಲಾ ಕಾಲೇಜ್ ರಸ್ತೆಯ ಆಸುಪಾಸಿನ ಸಣ್ಣ ಸಭಾಂಗಣವೊಂದರಲ್ಲಿ ಇಲ್ಲಿನ ಚಿತ್ರಸಮಾಜವೊಂದು ಈ ಚಿತ್ರದ ಪುನರುಜ್ಜೀವಿತ ಪ್ರತಿಯನ್ನು ತೋರಿಸುತ್ತದೆಂದು ತಿಳಿದಾಗ, ತಲಾ 150 ರೂಪಾಯಿಯಂತೆ ಎರಡು ಟಿಕೆಟ್ ಕೊಂಡು, ಪಕ್ಕದ ಮನೆಯ ಮರಾಠಿ ಕಾಕಾ ಅವರನ್ನೂ ಕರೆದುಕೊಂಡು ಹೋದೆ.

ಶೀರ್ಷಿಕೆ ಕೇಳಿದೊಡನೆ ಕಾಕಾ ‘ಘಟಸ್ಫೋಟದ ಕಥೆಯೋ?’ ಎಂದರು. ಮರಾಠಿಯಲ್ಲಿ ಘಟಸ್ಫೋಟವೆಂದರೆ ವಿವಾಹ ವಿಚ್ಛೇದನ. ಆದರೆ ಆ ಪದದ ಹಿಂದೆಯೂ ಇರುವುದು ಮಡಕೆ ಒಡೆದು, ಬದುಕಿರುವವರನ್ನೇ ಸತ್ತವರೆಂದು ಸಾರಿ ಜಾತಿಯಿಂದ ಹೊರಹಾಕುವ ಹಳೆಯ ಕ್ರಿಯೆಯೇ. ಅದನ್ನು ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಚಿತ್ರವನ್ನು ಪುಣೆಯಲ್ಲಿ ನೋಡುವುದಕ್ಕೆ ಬೇರೆಯದೇ ಅರ್ಥವಿದೆ. ತೀರ್ಥಹಳ್ಳಿ ಸೀಮೆಯ ಕಾಸರವಳ್ಳಿಯವರು ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿ, ಆಮೇಲೆ ಸಿನಿಮಾ ಕಲಿಯಲು ಬಂದದ್ದು ಇದೇ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ. 1975ರಲ್ಲಿ ಇಲ್ಲಿಂದ ಹೊರಬಿದ್ದವರು ಎರಡೇ ವರ್ಷದಲ್ಲಿ, ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ತಮ್ಮ ಈ ಮೊದಲ ಕಥಾಚಿತ್ರವನ್ನು ಮಾಡಿ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಪಡೆದರು. ಚಿತ್ರದ ಮೂಲ ನೆಗೆಟಿವ್ ಕೂಡ ಇಷ್ಟು ವರ್ಷ ಇದೇ ಊರಿನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿತ್ತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸೆ ಸ್ಥಾಪಿಸಿದ ಸಂಸ್ಥೆ ಕೂಡಿ ಅದಕ್ಕೆ ಮರುಜೀವ ಕೊಟ್ಟವು. ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಆ ಪ್ರತಿಯ ಗುಣವನ್ನು ಎಷ್ಟು ಹೊಗಳಿದರೂ ಸಾಲದು. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣದಲ್ಲಿ ಕತ್ತಲೆಗೇ ಇಷ್ಟು ಬಗೆಗಳಿವೆಯೆಂದು ನನಗೆ ಗೊತ್ತಿರಲಿಲ್ಲ: ಅಡುಗೆಮನೆಯ ಮಸಿ ಬೇರೆ, ಮಳೆ ಹಿಡಿದ ಕಾಡಿನ ಮಬ್ಬು ಬೇರೆ. ಚಿತ್ರದ ನಾಯಕಿ, ವಿಧವೆ ಯಮುನಕ್ಕ ಹಾವಿನ ಹುತ್ತದೊಳಗೆ ಕೈ ತೂರಿಸುವ ದೃಶ್ಯವನ್ನೇ ನೋಡಿ. ಮೊಬೈಲಿನಲ್ಲಿ ನಾನು ಅದನ್ನು ಒಂದು ಘಟನೆಯಾಗಿ ಕಂಡು ಮುಂದೆ ಹೋಗಿದ್ದೆ. ದೊಡ್ಡ ತೆರೆಯ ಮೇಲೆ ಆ ಮಣ್ಣಿನ ಒರಟುತನ ಕಣ್ಣಿಗೆ ತಾಗುತ್ತದೆ, ಆ ಕೈ ಎಷ್ಟು ಎಳೆಯದೆಂದು ತಿಳಿಯುತ್ತದೆ, ಯಮುನಕ್ಕನಾಗಿ ನಟಿಸಿದ ಮೀನಾ ಕುಟ್ಟಪ್ಪ ಅವರ ಮುಖದಲ್ಲಿ ಅಳುವಿಗಿಂತ ದಣಿವೇ ಹೆಚ್ಚಾಗಿದೆಯೆಂಬುದು ಕಾಣುತ್ತದೆ. ಬೇರೆ ಯಾರಾದರೂ ಇಲ್ಲಿ ಪಿಟೀಲು ಕೊಯ್ಯುತ್ತಿದ್ದರೋ ಏನೋ!

ಕಾಸರವಳ್ಳಿಯವರನ್ನು ನಾನು ಮೆಚ್ಚುವುದೇ ಈ ಕಾರಣಕ್ಕೆ. ಅವರು ನಮ್ಮನ್ನು ಅಳಿಸಲು ಅವಸರಪಡುವುದಿಲ್ಲ. ವಿಧವೆಯೊಬ್ಬಳ ದುರಂತವನ್ನು ಅವಳ ಬಾಯಿಂದ ಹೇಳಿಸದೆ, ವೇದಪಾಠಕ್ಕೆಂದು ಬಂದ ನಾಣಿಯೆಂಬ ಪುಟ್ಟ ಹುಡುಗನ ಕಣ್ಣಿಂದ ನೋಡಿಸುತ್ತಾರೆ. ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತಿರುತ್ತದೆ, ಮತ್ತು ನಮಗೆ ಅರ್ಥವಾಗಿದ್ದರಿಂದ ಅವನಿಗಾಗಲಿ ಅವಳಿಗಾಗಲಿ ಏನೂ ಪ್ರಯೋಜನವಿಲ್ಲ. ಆ ಸಂಕಟವೇ ಚಿತ್ರದುದ್ದಕ್ಕೂ ಹರಿಯುತ್ತದೆ. ಮುಂದೆ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿಯೊಬ್ಬಳ ಮನೆಗೆ ಬಂದ ಟಿ.ವಿ.ಯ ಸುತ್ತ ಊರ ಹೆಂಗಸರನ್ನು ಕೂರಿಸಿ, ಅಷ್ಟರಲ್ಲೇ ಕರಾವಳಿಯ ಮನಸ್ಸು ಒಡೆಯುವುದನ್ನು ತೋರಿಸಿದ್ದೂ ಇದೇ ಸಂಯಮದಿಂದ. ಅವರ ಕೆಲವು ಚಿತ್ರಗಳಲ್ಲಿ ಪಾತ್ರಗಳು ವಿಚಾರದ ಹೊರೆ ಹೊತ್ತು ನಡೆಯುತ್ತವೆಂಬ ದೂರು ನನಗೂ ಇದೆ. ‘ಘಟಶ್ರಾದ್ಧ’ದಲ್ಲಿ ಆ ಹೊರೆ ಇಲ್ಲ.

ಇನ್ನು ಪ್ರದರ್ಶನದ ವ್ಯವಸ್ಥೆ. ಪ್ರೊಜೆಕ್ಷನ್ ಚೆನ್ನಾಗಿತ್ತು, ಹೇಳಿದ ಹೊತ್ತಿಗೆ ಶುರುವಾಯಿತು. ಆದರೆ ಎಡಗೋಡೆಯ ಏಸಿ ಇಡೀ ಚಿತ್ರದುದ್ದಕ್ಕೂ ಗುಂಯ್‌ಗುಡುತ್ತಿತ್ತು. ಬಿ.ವಿ. ಕಾರಂತರು ಸಂಗೀತ ನೀಡಿದ, ಎಲ್ಲಿ ಸುಮ್ಮನಿರಬೇಕೆಂಬುದನ್ನು ಬಲ್ಲ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಯಮುನಕ್ಕನ ಬಸಿರಿನ ಸುದ್ದಿ ಅಗ್ರಹಾರಕ್ಕೆ ಹಬ್ಬುವ ಹೊತ್ತಿಗೆ ದೀಪ ಹೊತ್ತಿಸಿ, ಚಹಾ ಮತ್ತು ಬಿಸ್ಕತ್ತಿಗೆಂದು ಹದಿನೈದು ನಿಮಿಷ ವಿರಾಮ ಬೇರೆ ಕೊಟ್ಟರು. ಎರಡು ಗಂಟೆಯೂ ಇಲ್ಲದ ಚಿತ್ರಕ್ಕೆ ವಿರಾಮವೇಕೆಂದು ಕೇಳಿದರೆ, ‘ಜನ ಕೇಳುತ್ತಾರೆ’ ಎಂಬ ಉತ್ತರ ಬಂತು. ಮರಾಠಿ ಸಾರಾಂಶದ ಹಾಳೆಗಳು ನಮ್ಮ ಸಾಲಿಗೆ ಬರುವಷ್ಟರಲ್ಲಿ ಮುಗಿದಿದ್ದವು. ಕಾಕಾ ಅವರ ಕಿವಿಯಲ್ಲಿ ನಾನೇ ಪಿಸುಗುಟ್ಟಬೇಕಾಯಿತು, ಅದಕ್ಕಾಗಿ ಹಿಂದಿನ ಸಾಲಿನವರಿಂದ ಒಮ್ಮೆ ಬೈಸಿಕೊಂಡದ್ದೂ ಆಯಿತು. ಕೊನೆಯ ಅರ್ಧ ಗಂಟೆಯಲ್ಲಿ ಅವರೇ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು.

ಹೋಗುವವರು ಬಲಗಡೆಯ ಸಾಲುಗಳಲ್ಲಿ, ಆದಷ್ಟು ಮುಂದೆ ಕೂರುವುದು ಒಳ್ಳೆಯದು. ಮುಂದಿನ ತಿಂಗಳು ‘ತಬರನ ಕಥೆ’ ತೋರಿಸುತ್ತಾರಂತೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕನ ಕಥೆಯೆಂದು ಹೇಳಿದ್ದೇ ತಡ, ಕಾಕಾ ನಿವೃತ್ತರಾದ ತಮ್ಮ ಗೆಳೆಯರಿಬ್ಬರಿಗೂ ಟಿಕೆಟ್ ತೆಗೆದಿಡಲು ಹೇಳಿದ್ದಾರೆ.